ಶಾಲಾ ಸ್ಪರ್ಧೆಗಳಲ್ಲಿ ಜಯಾಪಜಯ ವಿವೇಕ

ಜ್ಞಾನಭಾರತಿ ಎಂಬುದು ಬೆಂಗಳೂರು ವಿಶ್ವವಿದ್ಯಾಲಯದ ಆವರಣಕ್ಕೆ ಇಟ್ಟ ಹೆಸರು. 1964ರಲ್ಲಿ ಸ್ಥಾಪನೆಗೊಂಡ ವಿಶ್ವವಿದ್ಯಾಲಯವು ಮುಂದೆ ಮೈಸೂರು ರಸ್ತೆಯ ಬದಿಯ ಈ ವಿಶಾಲವಾದ ನೆಲಕ್ಕೆ ಬಂದು ನೆಲೆಸಿದ ಮೇಲೆ, ಸುತ್ತಣ ಮಲ್ಲತ್ತಹಳ್ಳಿ, ನಾಗರಭಾವಿ, ಉಳ್ಳಾಲ, ಕೆಂಗೇರಿಗಳು ಕ್ರಮೇಣ ಹಳ್ಳಿಯ ರೂಪವನ್ನು ಕಳಚಿಕೊಂಡು ಬಡಾವಣೆಗಳಾದವು. ಇದೇ ಆವರಣದಲ್ಲಿ ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ದೇಶದ ಹೆಸರಾಂತ ಕ್ರೀಡಾಪಟುಗಳು ಅಲ್ಲಿ ತರಬೇತಿ ಪಡೆಯುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಮೂವತ್ತು ನಲವತ್ತರ ನಿವೇಶನದ ಮೇಲೆ ನಾಲ್ಕಂತಸ್ತು ಎಬ್ಬಿಸಿ ನಡೆಸುವ ಶಾಲೆಗಳಿವೆ. ಅಲ್ಲಿನ ಮಕ್ಕಳಿಗೆ ಓಡಲು ನೆಲವಿಲ್ಲ. ಕವಾಯತು ತಾರಸಿಯ ಮೇಲೆ ನಡೆಯುತ್ತದೆ.

ಶಾಲೆಗಳು ತೆರೆದು ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಈ ಎರಡು ಬಗೆಯ ಲೋಕಗಳ ಮಕ್ಕಳೂ ಒಂದೇ ಮೈದಾನದಲ್ಲಿ ಕೂಡುತ್ತಾರೆ. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿ ಗೆದ್ದವರು ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಏರುತ್ತಾರೆ. ಶಿಕ್ಷಣ ಇಲಾಖೆಯು ಈ ಶತಮಾನದ ಆರಂಭದ ವರ್ಷಗಳಲ್ಲಿ ಏರ್ಪಡಿಸಿದ ಪ್ರತಿಭಾ ಕಾರಂಜಿಯೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಅದರಲ್ಲಿ ಜಾನಪದ ನೃತ್ಯ, ಕೋಲಾಟ, ಭಾವಗೀತೆ, ಛದ್ಮವೇಷ, ಕವ್ವಾಲಿ ಮೊದಲಾದವು ಸೇರಿವೆ. ಈ ಸ್ಪರ್ಧೆಗಳ ಕಾಲವೂ ದಶಲಕ್ಷಣ ಪರ್ವದ ಕಾಲವೂ ಹೆಚ್ಚುಕಡಿಮೆ ಒಂದೇ ಆಗಿರುವುದು ಗಮನಿಸತಕ್ಕ ಸಂಗತಿ. ಭಾದ್ರಪದ ಶುಕ್ಲ ಪಂಚಮಿಯಂದು ಉತ್ತಮ ಕ್ಷಮೆಯಿಂದ ಆರಂಭವಾಗುವ ಪರ್ವದ ಎರಡನೆಯ ದಿನ ಮಾರ್ದವ, ಮೂರನೆಯ ದಿನ ಆರ್ಜವ. ಒಂದು ಮಾನಕಷಾಯಕ್ಕೆ ಮದ್ದು, ಇನ್ನೊಂದು ಮಾಯಾಕಷಾಯಕ್ಕೆ. ಬೆಳಿಗ್ಗೆ ಬಸದಿಯಲ್ಲಿ ಅಜ್ಜಿಯ ಪಕ್ಕ ಕುಳಿತು ಮಾರ್ದವದ ವ್ಯಾಖ್ಯಾನ ಕೇಳಿದ ಬಾಲಕ ಒಂಬತ್ತು ಗಂಟೆಗೆ ಮೈದಾನದಲ್ಲಿರುತ್ತಾನೆ. ಅಲ್ಲಿ ಅವನಿಗೆ ಸಿಗುವ ಉಪದೇಶ ಎದುರಾಳಿಯನ್ನು ಮಣ್ಣುಮುಕ್ಕಿಸು ಎಂಬುದು. ಈ ಎರಡರಲ್ಲಿ ಯಾವುದನ್ನು ನಂಬಬೇಕೆಂದು ಆ ಬಾಲಕನು ಕೇಳಿದರೆ ಹಿರಿಯರು ಕೊಡುವ ಉತ್ತರವೇನು?

ಸ್ಪರ್ಧೆಯೇ ಬೇಡವೆನ್ನುವ ವಿಚಾರವಂತರು ಸಮಾಜದಲ್ಲಿದ್ದಾರೆ. ಒಬ್ಬನ ಹರ್ಷಕ್ಕೆ ಹತ್ತು ಮಂದಿಯ ವಿಷಾದ ಬೆಲೆಯಾಗುವುದಾದರೆ ಅದು ಭಾವಹಿಂಸೆಯಲ್ಲವೇ ಎಂಬುದು ಅವರ ವಾದ. ಮೇಲುನೋಟಕ್ಕೆ ಇದು ಸರಿಯೆನಿಸುತ್ತದೆ. ಆದರೆ ಜಿನ ಎಂಬ ಶಬ್ದಕ್ಕೇ ಗೆದ್ದವನು ಎಂಬ ಅರ್ಥವಿರುವುದರಿಂದ, ಗೆಲುವನ್ನು ಸಾರಾಸಗಟಾಗಿ ತಳ್ಳಿಹಾಕುವುದು ಈ ಪರಂಪರೆಗೆ ಸಾಧ್ಯವಿಲ್ಲ. ಗೆದ್ದದ್ದು ಯಾರನ್ನು, ಯಾವ ಬಗೆಯಿಂದ, ಗೆದ್ದ ಮೇಲೆ ಮಾಡಿದ್ದೇನು ಎಂಬುದಷ್ಟೇ ಪ್ರಶ್ನೆ.

ಕನ್ನಡಿಗರಿಗೆ ಈ ಪ್ರಶ್ನೆಯನ್ನು ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣವು ಕಣ್ಣೆದುರಿಗೇ ಇಟ್ಟಿದೆ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ, ಅಣ್ಣತಮ್ಮಂದಿರ ಕಲಹಕ್ಕಾಗಿ ಸಾವಿರಾರು ಜನ ಸಾಯುವುದು ಬೇಡವೆಂದು ಮಂತ್ರಿಗಳು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಪಂದ್ಯಗಳಲ್ಲಿ ತೀರ್ಮಾನವಾಗಲಿ ಎಂದು ಗೊತ್ತುಪಡಿಸಿದರು. ನಿಯಮಕ್ಕೆ ಒಳಪಟ್ಟ ಪಂದ್ಯ ಅಲ್ಲಿ ಹಿಂಸೆಯನ್ನು ತಪ್ಪಿಸುವ ಉಪಾಯವಾಗಿ ಹುಟ್ಟಿತು. ಸ್ಪರ್ಧೆಯನ್ನು ಹಿಂಸೆಯೆಂದು ಬಗೆಯುವವರು ಈ ಒಂದು ಅಂಶವನ್ನು ಮರೆಯಬಾರದು. ಇನ್ನೊಂದು ಅಂಶವೂ ಉಂಟು. ಬಾಹುಬಲಿ ಅಣ್ಣನಿಗಿಂತ ಎತ್ತರದ ಆಳು. ಮೊದಲ ಎರಡು ಪಂದ್ಯಗಳಲ್ಲಿ ಆ ಎತ್ತರವೇ ಅವನಿಗೆ ಅನುಕೂಲವಾಯಿತು. ಆದುದರಿಂದ ಹುಟ್ಟಿನಿಂದ ಬಂದ ಹೆಚ್ಚುಕಡಿಮೆಗಳು ಇರುವುದು ಅನ್ಯಾಯವಲ್ಲ. ಸೋತ ಭರತನಿಗೂ ಆ ಸೋಲಿನಿಂದ ಕಳಂಕ ಬರಲಿಲ್ಲ. ಸೋತ ಬಳಿಕ, ಒಪ್ಪಂದವನ್ನು ಮೀರಿ, ಅವನು ಚಕ್ರರತ್ನವನ್ನು ತಮ್ಮನ ಮೇಲೆ ಬಿಟ್ಟನು. ಕಳಂಕ ಬಂದದ್ದು ಆ ಕ್ಷಣದಲ್ಲಿ. ಗೆದ್ದ ಬಾಹುಬಲಿಯ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಎಲ್ಲವನ್ನೂ ಬಿಟ್ಟು ವರ್ಷಕಾಲ ಕಾಯೋತ್ಸರ್ಗದಲ್ಲಿ ನಿಂತರೂ ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಅದನ್ನು ಒಂದೊಂದು ಪರಂಪರೆ ಒಂದೊಂದು ಬಗೆಯಾಗಿ ವಿವರಿಸುತ್ತದೆ.

ಇಂದಿನ ಮೈದಾನದಲ್ಲಿ ಚಕ್ರರತ್ನವನ್ನು ಬಿಡುವವರು ಮಕ್ಕಳಲ್ಲ. ಹದಿನಾಲ್ಕು ವರ್ಷದೊಳಗಿನವರು, ಹದಿನೇಳರೊಳಗಿನವರು ಎಂದು ಶಾಲಾ ಕ್ರೀಡೆಗಳಲ್ಲಿ ವಿಭಾಗಗಳಿವೆ. ಹದಿಮೂರರ ಬಾಲಕನಿಗೂ ಹದಿನೈದರ ಬಾಲಕನಿಗೂ ಮೈಕಟ್ಟಿನಲ್ಲಿರುವ ಅಂತರ ಎಲ್ಲರಿಗೂ ತಿಳಿದದ್ದೇ. ಜನ್ಮದಿನಾಂಕದಲ್ಲಿ ಒಂದೇ ಒಂದು ಅಂಕಿ ತಿದ್ದಿದರೆ ಪದಕ ಖಚಿತವಾಗುವಂತಿರುವಾಗ, ತಿದ್ದುವ ಕೈಗಳೂ ಹುಟ್ಟಿಕೊಳ್ಳುತ್ತವೆ. ಪದಕದ ಹಿಂದೆ ಕ್ರೀಡಾ ಕೋಟಾದ ಇಂಜಿನಿಯರಿಂಗ್ ಸೀಟು ಇದೆ, ಶಾಲೆಯ ಜಾಹೀರಾತು ಫಲಕವಿದೆ. ಈ ಪಿಡುಗು ದೇಶದಾದ್ಯಂತ ಹಬ್ಬಿದುದರಿಂದಲೇ ಕೇಂದ್ರ ಕ್ರೀಡಾ ಸಚಿವಾಲಯವು 2010ರಲ್ಲಿ ವಯೋವಂಚನೆಯ ವಿರುದ್ಧ ಒಂದು ರಾಷ್ಟ್ರೀಯ ಸಂಹಿತೆಯನ್ನು ಹೊರಡಿಸಬೇಕಾಯಿತು. ಮಣಿಕಟ್ಟಿನ ಎಲುಬುಗಳ ಕ್ಷ-ಕಿರಣ ಚಿತ್ರ ತೆಗೆದು ವಯಸ್ಸನ್ನು ಅಂದಾಜು ಮಾಡುವ ಪದ್ಧತಿಯೂ ಬಂತು. ತಂದೆತಾಯಿಯರ ಮಾತನ್ನು ನಂಬಲಾರದೆ ಮಗುವಿನ ಎಲುಬನ್ನು ಸಾಕ್ಷಿಗೆ ಕರೆಯುವ ಕಾಲ ಬಂದಿತೆಂದರೆ, ತಲೆತಗ್ಗಿಸಬೇಕಾದವರು ಯಾರು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದ ಶ್ರಾವಕರಿಗೆ ಇದರಲ್ಲಿ ಹೊಸತೇನೂ ಕಾಣದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು, ಹೆಸರಿಸಲ್ಪಟ್ಟಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವ ದೋಷವಿದೆ. ತಿದ್ದಿದ ವಯಸ್ಸಿನ ಪತ್ರದಲ್ಲಿ ಈ ಎರಡೂ ಕೂಡಿವೆ: ಅದು ಸುಳ್ಳು ಬರಹವೂ ಹೌದು, ಕಳ್ಳ ತೂಕದ ಬಟ್ಟೂ ಹೌದು. ತಕ್ಕಡಿಯ ಮೋಸದಲ್ಲಿ ಗಿರಾಕಿಯಾದರೂ ಎದುರಿಗೆ ನಿಂತಿರುತ್ತಾನೆ. ಇಲ್ಲಿ ವಂಚಿತನಾದವನು ಕಣ್ಣಿಗೆ ಬೀಳುವುದಿಲ್ಲ. ಆರನೆಯವನಾಗಿ ಓಡಿ ಮುಗಿಸಿ, ಅಯ್ದು ಮಂದಿಯ ಆಯ್ಕೆಯಲ್ಲಿ ಬಿಟ್ಟುಹೋಗಿ, ತನ್ನ ಕಾಲಿನಲ್ಲಿ ಕಸುವಿಲ್ಲವೆಂದೇ ನಂಬಿ ಮನೆಗೆ ನಡೆದ ಬಾಲಕ ಅವನು. ಅವನಿಗೆ ಮೋಸವಾದದ್ದು ಅವನಿಗೇ ತಿಳಿಯದು. ಆದ್ದರಿಂದ ಅವನಲ್ಲಿ ಕ್ಷಮೆ ಕೇಳುವ ದಾರಿಯೂ ಮುಚ್ಚಿಹೋಗಿರುತ್ತದೆ. ಕ್ಷಮಾವಣಿಯ ದಿನ ಯಾರ ಮನೆಯ ಬಾಗಿಲಿಗೆ ಹೋಗಬೇಕು?

ಎಲ್ಲರೂ ಹೀಗೆಯೇ ಮಾಡುತ್ತಾರೆ, ಮಾಡದಿದ್ದರೆ ಮಗು ಹಿಂದೆ ಬೀಳುತ್ತದೆ ಎಂಬ ಸಮಾಧಾನವನ್ನು ಪಾಲಕರು ಹೇಳಿಕೊಳ್ಳುವುದುಂಟು. ಪೇಟೆಯಲ್ಲಿ ಬಿಲ್ಲಿಲ್ಲದ ವ್ಯಾಪಾರಕ್ಕೂ ಇದೇ ಸಮಾಧಾನ ಚಲಾವಣೆಯಲ್ಲಿದೆ, ಅಲ್ಲಿ ಅದು ಎಷ್ಟು ಬಾಳುತ್ತದೆಯೋ ಇಲ್ಲಿಯೂ ಅಷ್ಟೇ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಗಳಿಂದಲೂ ಕರ್ಮಬಂಧವಾಗುವುದೆಂದು ಶಾಸ್ತ್ರ ಹೇಳುತ್ತದೆ. ಪತ್ರ ತಿದ್ದಿದವನು, ತಿದ್ದಿಸಿದ ತರಬೇತುದಾರ, ತಿಳಿದೂ ಬಹುಮಾನ ವಿತರಣೆಯಲ್ಲಿ ಚಪ್ಪಾಳೆ ತಟ್ಟಿದ ಆಡಳಿತ ಮಂಡಳಿಯ ಸದಸ್ಯ, ಮೂವರೂ ಆ ಲೆಕ್ಕದೊಳಗಿನವರೇ. ಇನ್ನು ಆ ಮಗು! ಅದು ತನ್ನ ವಯಸ್ಸನ್ನು ಕೇಳಿದವರಿಗೆಲ್ಲ ಸುಳ್ಳು ಹೇಳಲು ಕಲಿಯಬೇಕಾಗುತ್ತದೆ. ಹದಿನೈದನೆಯ ಹುಟ್ಟುಹಬ್ಬವನ್ನು ಮನೆಯಲ್ಲಿ ಆಚರಿಸಿ, ಶಾಲೆಯಲ್ಲಿ ಮಾತ್ರ ಇನ್ನೂ ಹದಿಮೂರರಲ್ಲಿ ನಿಂತಿರಬೇಕಾಗುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವ ಒಂದು ಉದಾಹರಣೆ ಕರ್ನಾಟಕದವರಿಗೆ ಚಿರಪರಿಚಿತ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಭಾರತ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯ ನಡೆಯಿತು. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಭಾರತದ ನಾಯಕರು. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡ ಮೇಲೆ ಬಾಬ್ ಟೇಲರ್ ಬೋಥಮ್‌ಗೆ ಜೊತೆಯಾದರು. ಮುಂದೆ ಕಪಿಲ್ ದೇವ್ ಎಸೆತದಲ್ಲಿ ಟೇಲರ್ ವಿಕೆಟ್ ಹಿಂದೆ ಕ್ಯಾಚಿತ್ತರೆಂದು ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಕಿಲ್ಲವೆಂದು ವಿಶ್ವನಾಥ್ ಅವರಿಗೆ ಮನವರಿಕೆಯಾಗಿತ್ತು. ಅವರು ಅಂಪೈರರೊಡನೆ ಮಾತನಾಡಿ ಟೇಲರ್ ಅವರನ್ನು ಮರಳಿ ಕರೆಸಿದರು. ಟೇಲರ್ 43 ರನ್ ಗಳಿಸಿದರು, ಇಬ್ಬರ ಜೊತೆಯಾಟ 171ಕ್ಕೆ ಏರಿತು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ನಾಯಕರಾಗಿ ಆಡಿದ್ದು ಒಟ್ಟು ಎರಡೇ ಟೆಸ್ಟ್ ಪಂದ್ಯಗಳನ್ನು. ಇದು ಅವುಗಳಲ್ಲಿ ಎರಡನೆಯದು.

ಈ ಪ್ರಸಂಗವನ್ನು ಔದಾರ್ಯವೆಂದು ಹೊಗಳುವುದು ವಾಡಿಕೆ. ಆದರೆ ಹಾಗೆ ಹೊಗಳಿದರೆ ಒಂದು ತೊಡಕು ಎದುರಾಗುತ್ತದೆ. ಹನ್ನೊಂದು ಮಂದಿಯ ಪಾಲಿನ ಗೆಲುವನ್ನು ದಾನ ಕೊಡಲು ನಾಯಕನೊಬ್ಬನಿಗೆ ಅಧಿಕಾರವೆಲ್ಲಿಯದು? ಪಾಲುದಾರರ ಹಣವನ್ನು ಒಬ್ಬ ಪಾಲುದಾರ ದಾನ ಮಾಡಲಾದೀತೇ? ಇದಕ್ಕೆ ಉತ್ತರ ಸರಳವಾಗಿದೆ. ಆ ವಿಕೆಟ್ ಭಾರತದ್ದಾಗಿರಲೇ ಇಲ್ಲ. ಬ್ಯಾಂಕಿನ ಗುಮಾಸ್ತ ಕೈತಪ್ಪಿ ಹೆಚ್ಚಿಗೆ ಎಣಿಸಿಕೊಟ್ಟ ನೋಟನ್ನು ಹಿಂದಿರುಗಿಸುವವನು ದಾನಿಯಲ್ಲ. ಕೊಟ್ಟದ್ದು ಅಧಿಕಾರವಿದ್ದವನೇ ಆದರೂ ತಪ್ಪಿನಿಂದ ಬಂದದ್ದು ಅದತ್ತವೇ ಹೊರತು ದತ್ತವಲ್ಲ. ಆದುದರಿಂದ ವಿಶ್ವನಾಥ್ ಮಾಡಿದ್ದನ್ನು ಅಸ್ತೇಯವೆಂದು ಕರೆಯುವುದೇ ಹೆಚ್ಚು ಸರಿ. ಹಾಗೆ ಕರೆದಾಗ ಅದು ಮಹಾಪುರುಷರಿಗೆ ಮಾತ್ರ ಸಾಧ್ಯವಾದ ಕಾರ್ಯವೆಂಬ ಭ್ರಮೆ ಹೋಗುತ್ತದೆ. ಕಬಡ್ಡಿಯಲ್ಲಿ ಎದುರು ಪಾಳೆಯದವನ ಬೆರಳು ತನ್ನ ಅಂಗಿಗೆ ತಾಕಿದ್ದು ಆ ಹುಡುಗನಿಗೆ ಮಾತ್ರ ಗೊತ್ತು, ತೀರ್ಪುಗಾರನು ಕಂಡಿಲ್ಲ ಎಂದಿಟ್ಟುಕೊಳ್ಳೋಣ. ತಾನೇ ಕೈಯೆತ್ತಿ ಹೊರಗೆ ನಡೆಯುವುದು ಏಳನೆಯ ತರಗತಿಯ ಹುಡುಗನಿಗೂ ಸಾಧ್ಯ. ಹೊರಗೆ ಬಂದ ಆ ಹುಡುಗನಿಗೆ ಅವನ ಶಿಕ್ಷಕರು ಏನು ಹೇಳುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬೆನ್ನು ತಟ್ಟಿದರೆ ಒಂದು ಬಗೆಯ ಮನುಷ್ಯ ಬೆಳೆಯುತ್ತಾನೆ, ದಡ್ಡನೆಂದು ಜರೆದರೆ ಇನ್ನೊಂದು ಬಗೆಯವನು.

ನೃತ್ಯಸ್ಪರ್ಧೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಓಟದಲ್ಲಿ ಗಡಿಯಾರ ತೀರ್ಪು ಹೇಳುತ್ತದೆ. ನೃತ್ಯದಲ್ಲಿ ಮೂವರು ತೀರ್ಪುಗಾರರ ಕಣ್ಣು. ಆ ಕಣ್ಣನ್ನು ಸೆಳೆಯಲು ಉಡುಪು, ಬಣ್ಣ, ಹೊರಗಿನಿಂದ ಕರೆತಂದ ನೃತ್ಯ ನಿರ್ದೇಶಕ, ಎಲ್ಲವೂ ಬೇಕಾಗುತ್ತದೆ. ಸರ್ಕಾರಿ ಶಾಲೆಯ ಬಾಲಕಿಯರು ಶಿಕ್ಷಕಿಯೊಬ್ಬರು ತಮ್ಮ ಕೈಯಿಂದ ಹೊಂದಿಸಿದ ಸೀರೆಗಳಲ್ಲಿ ಕೋಲಾಟವಾಡಿ ಇಳಿದ ಬೆನ್ನಿಗೇ, ಬಾಡಿಗೆಯ ಜರಿ ಉಡುಪಿನ ತಂಡ ವೇದಿಕೆ ಹತ್ತುತ್ತದೆ. (ಆ ಉಡುಪು ಅಪ್ಪಟ ರೇಷ್ಮೆಯದಾದರೆ ಎಷ್ಟು ಹುಳುಗಳು ಕುದಿನೀರಿನಲ್ಲಿ ಬೆಂದವೆಂಬ ಲೆಕ್ಕವನ್ನೂ ಜೈನ ಮಾತೆಯರು ಒಮ್ಮೆ ಹಾಕಬಹುದು, ಹತ್ತಿಯ ಸೀರೆಯಲ್ಲಿ ಕುಣಿದರೆ ತಾಳವೇನೂ ತಪ್ಪುವುದಿಲ್ಲ.) ಆದರೂ ಆ ಸರ್ಕಾರಿ ಶಾಲೆಯ ಬಾಲಕಿಗೆ ವರ್ಷದಲ್ಲಿ ವೇದಿಕೆ ಹತ್ತುವ ಅವಕಾಶ ಒದಗಿಸುವುದು ಈ ಸ್ಪರ್ಧೆಯೊಂದೇ ಎಂಬುದನ್ನು, ಸ್ಪರ್ಧೆ ಬೇಡವೆನ್ನುವವರು ನೆನಪಿಡಬೇಕು.

ಆದಿಪುರಾಣದಲ್ಲಿ ನೃತ್ಯದ ಪ್ರಸಂಗವೂ ಒಂದಿದೆ. ಆದಿದೇವನ ಸಭೆಯಲ್ಲಿ ನೀಲಾಂಜನೆ ಕುಣಿಯುತ್ತಿರುವಾಗಲೇ ಆಕೆಯ ಆಯುಷ್ಯ ತೀರಿತು. ರಸಭಂಗವಾಗದಿರಲೆಂದು ಇಂದ್ರನು ಅದೇ ಕ್ಷಣದಲ್ಲಿ ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸಿದನು. ಸಭೆಗೆ ಏನೂ ತಿಳಿಯಲಿಲ್ಲ. ಆದಿದೇವನೊಬ್ಬನೇ ಕಂಡನು, ಕಂಡು ವಿರಕ್ತನಾದನು. ಈ ಕಥೆಯನ್ನು ಸಂಸಾರದ ಅನಿತ್ಯತೆಗೆ ದೃಷ್ಟಾಂತವಾಗಿ ಹೇಳುವುದು ರೂಢಿ, ಅದು ಸರಿಯೇ. ಶಾಲಾ ವೇದಿಕೆಯ ಬಳಿ ನಿಂತು ನೋಡಿದರೆ ಅದಕ್ಕೆ ಇನ್ನೊಂದು ಮಗ್ಗುಲೂ ಕಾಣುತ್ತದೆ. ಎರಡು ತಿಂಗಳು ಅಭ್ಯಾಸ ಮಾಡಿದ ಹುಡುಗಿಗೆ ಸ್ಪರ್ಧೆಯ ವಾರದಲ್ಲಿ ಜ್ವರ ಬಂದರೆ, ಅಥವಾ ಎತ್ತರ ಸಾಲಿಗೆ ಒಪ್ಪದೆಂದು ಕೊನೆಯ ಗಳಿಗೆಯಲ್ಲಿ ಅನಿಸಿದರೆ, ಅದೇ ಉಡುಪನ್ನು ಇನ್ನೊಬ್ಬಳಿಗೆ ತೊಡಿಸಿ ಸಾಲು ತುಂಬಿಸುತ್ತಾರೆ. ಪ್ರೇಕ್ಷಕರಿಗೆ ಏನೂ ತಿಳಿಯುವುದಿಲ್ಲ. ಕೆಲವೊಮ್ಮೆ ಇದು ಅನಿವಾರ್ಯ. ಜ್ವರದ ಮಗುವನ್ನು ಕುಣಿಸುವುದು ಇನ್ನೂ ಕ್ರೂರ. ಆದರೆ ಬಿಟ್ಟುಹೋದ ಹುಡುಗಿ ಎಲ್ಲಿ ಕುಳಿತಿದ್ದಾಳೆಂದು ಅಂದು ಯಾರಾದರೂ ತಿರುಗಿ ನೋಡಿದರೇ? ಬಹುಮಾನದ ಛಾಯಾಚಿತ್ರದಲ್ಲಿ ಅವಳನ್ನೂ ಕರೆದು ನಿಲ್ಲಿಸಿದರೇ?

ಬಸದಿಗಳ ಟ್ರಸ್ಟುಗಳೂ ಸಮಾಜದ ದಾನಿಗಳೂ ಈ ಸ್ಪರ್ಧೆಗಳಿಗೆ ನೆರವು ನೀಡುತ್ತ ಬಂದಿದ್ದಾರೆ, ಕೆಲವು ಟ್ರಸ್ಟುಗಳು ತಾವೇ ಶಾಲೆಗಳನ್ನು ನಡೆಸುತ್ತವೆ. ಅವರ ಕೈಯಲ್ಲಿ ಮಾಡಬಹುದಾದದ್ದು ಬಹಳವಿದೆ. ಈವರೆಗೆ ದಾನದ ಹಣವೆಲ್ಲ ಪಾರಿತೋಷಕಕ್ಕೆ, ಅದರ ಮೇಲೆ ಕೆತ್ತಿಸುವ ಹಿರಿಯರ ಹೆಸರಿಗೆ ಹೋಗುತ್ತಿದೆ. ಮಾನಕಷಾಯವನ್ನು ಕಳೆಯಬೇಕಾದ ದಾನವೇ ಅದಕ್ಕೆ ಎಣ್ಣೆ ಎರೆಯುವಂತಾಗಬಾರದು. ಪಾರಿತೋಷಕ ಕೊಡುವ ಮೊದಲು ಶಾಲೆಯ ದಾಖಲಾತಿ ಪುಸ್ತಕದ ವಯಸ್ಸನ್ನು ತೋರಿಸಬೇಕೆಂದು ಟ್ರಸ್ಟು ಕೇಳಿದರೆ ಯಾರೂ ಆಕ್ಷೇಪಿಸಲಾರರು. ತಮ್ಮದೇ ಶಾಲೆಯಿಂದ ಈ ತಪಾಸಣೆಯನ್ನು ಆರಂಭಿಸಿದರೆ ಇನ್ನೂ ಒಳ್ಳೆಯದು, ಅದರಿಂದ ಒಂದು ವರ್ಷ ಪದಕಗಳು ಕಡಿಮೆಯಾದರೂ ಚಿಂತೆಯಿಲ್ಲ. ಬರಿಗಾಲಿನಲ್ಲಿ ಓಡುವ ಮಕ್ಕಳಿಗೆ ಬೂಟು, ಮೈದಾನವಿಲ್ಲದ ಶಾಲೆಯ ಮಕ್ಕಳಿಗೆ ಅಭ್ಯಾಸಕ್ಕೆ ಹೋಗಿಬರಲು ಒಂದು ವಾಹನ, ಗೆದ್ದವರು ಸೋತವರೆಂಬ ಭೇದವಿಲ್ಲದೆ ಎಲ್ಲರಿಗೂ ಸೂರ್ಯಾಸ್ತಕ್ಕೆ ಮುನ್ನ ಊಟ, ಇವುಗಳ ಮೇಲೆ ಹೆಸರು ಕೆತ್ತಿಸಲು ಜಾಗವಿಲ್ಲ. ಪ್ರಾಯಶಃ ಅದಕ್ಕೇ ದಾನಿಗಳು ವಿರಳ.

ಕ್ರೀಡಾಕೂಟದ ಹಿಂದಿನ ದಿನ ಯಾರಾದರೂ ಕಲ್ಲು ಆಯ್ದು ನೆಲ ಸಮಮಾಡಬೇಕು, ಸುಣ್ಣದ ಗೆರೆ ಎಳೆಯಬೇಕು. ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಪಥವನ್ನು ಹಾಕಿಕೊಡುವ ಈ ಖರ್ಚನ್ನು ಯಾವ ಟ್ರಸ್ಟಿನ ಲೆಕ್ಕಪುಸ್ತಕದಲ್ಲಿಯೂ ದಾನವೆಂದು ಬರೆಯುವ ವಾಡಿಕೆಯಿಲ್ಲ. ಸಂಜೆಯ ಹೊತ್ತಿಗೆ ಆ ಗೆರೆ ಓಡಿದ ಮಕ್ಕಳ ಕಾಲಿಗೆ ಅಂಟಿಕೊಂಡು ಅಳಿಸಿಹೋಗಿರುತ್ತದೆ.