ಕಣ್ಣು ಕೊಡುವ ಲೆಕ್ಕ



ಈ ಸಲದ ಕಾಣಿಕೆಯಲ್ಲಿ ಜಮಖಂಡಿಯ ಆಸ್ಪತ್ರೆಗೆ ಕಣ್ಣಿನ ಪೊರೆ (ಮೋತಿಬಿಂದು) ತೆಗೆಯುವ ಫೇಕೋ ಯಂತ್ರ ಕೊಡಿಸೋಣವೆಂದು ಸಾವಳಗಿಯ ಹಲವರು ಕೇಳಿದ್ದೀರಿ. ಭಾವ ದೊಡ್ಡದು. ದಾಸೋಹದಲ್ಲಿ ಲೆಕ್ಕ ನೋಡಬಾರದು ಎಂಬ ಮಾತೂ ಅದರ ಬೆನ್ನಿಗೇ ಬಂತು. ಅದನ್ನು ಮಾತ್ರ ನಾನು ಒಪ್ಪಲಾರೆ.

ನಮ್ಮ ನೆರೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರನ್ನು ನೆನೆಯಿರಿ. ಊರೂರಿಗೆ ಹೋಗಿ ಶಿಬಿರ ನಡೆಸಿ, ಒಂದೇ ದಿನದಲ್ಲಿ 833 ಮೋತಿಬಿಂದು ಆಪರೇಷನ್ ಮಾಡಿದ ಪುಣ್ಯಾತ್ಮರು. ಆ ಕಾಲದ ಶಿಬಿರಗಳಲ್ಲಿ ಕಣ್ಣೊಳಗೆ ಲೆನ್ಸ್ ಕೂಡಿಸುತ್ತಿರಲಿಲ್ಲ. ಪೊರೆ ತೆಗೆಸಿಕೊಂಡ ಮುತ್ಯಾ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಮನೆಗೆ ಬರುತ್ತಿದ್ದ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಲೆನ್ಸ್ ಕೂಡಿಸಿದ್ದರು. ಅದು ಪಕ್ವವಾಗಲು ದಶಕಗಳು ಹಿಡಿದವು. ಆಮೇಲೂ ಹೊರದೇಶದ ಬೆಲೆ ಬಡವನ ಕೈಗೆಟುಕಲಿಲ್ಲ. ಅಂದು ದಪ್ಪ ಕನ್ನಡಕವೇ ನ್ಯಾಯ. 1992ರಿಂದ ಮದುರೈನ ಅರೋಲ್ಯಾಬ್ ಅಗ್ಗದ ಲೆನ್ಸ್ ಮಾಡತೊಡಗಿತು. ಆಮೇಲೂ ಕನ್ನಡಕಕ್ಕೇ ಅಂಟಿಕೊಂಡಿದ್ದರೆ ಅದೇ ಅನ್ಯಾಯ. ಗಾಜು ಒಡೆದ ದಿನ ಮುತ್ಯಾನಿಗೆ ಮತ್ತೆ ಕತ್ತಲೆ. ಬೆಲೆ ಇಳಿದೊಡನೆ ನಮ್ಮ ಕರ್ತವ್ಯವೂ ಬದಲಾಯಿತು.

ಇಂಥ ನಿರ್ಣಯಕ್ಕೆಂದೇ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ 2017ರಲ್ಲಿ ಒಂದು ವ್ಯವಸ್ಥೆ ಮಾಡಿತು. ಹಳೆಯದಕ್ಕಿಂತ ಹೊಸ ಸಾಧನಕ್ಕೆ ಎಷ್ಟು ಹೆಚ್ಚು ಖರ್ಚು, ಅದಕ್ಕೆ ಪ್ರತಿಯಾಗಿ ಎಷ್ಟು ಹೆಚ್ಚು ಆರೋಗ್ಯದ ವರ್ಷಗಳು ಎಂದು ಅಲ್ಲಿ ತೂಗುತ್ತಾರೆ. ಮೋತಿಬಿಂದುವಿಗೆ ಅವರು ಸೂಚಿಸಿದ್ದು ಸಣ್ಣ ಗಾಯದ ಆಪರೇಷನ್ ಮತ್ತು ಮಡಚಲಾಗದ ಗಟ್ಟಿ ಲೆನ್ಸ್. ಫೇಕೋ ಕೀಳೆಂದಲ್ಲ, ಅದರ ಗಾಯ ಇನ್ನೂ ಕಿರಿದು, ಬೇಗ ಮಾಯುತ್ತದೆ; ಖರ್ಚು ಮಾತ್ರ ಹೆಚ್ಚು. ಯಂತ್ರದ ಕೆಳಗೆ ಮಲಗಿದವರ ಮುಖ ನಮಗೆ ಕಾಣುತ್ತದೆ. ಹಣ ತೀರಿ ಸರದಿ ತಪ್ಪಿ, ತೋಟದ ಮನೆಯಲ್ಲೇ ಉಳಿದ ಆಯಿಯ ಮುಖ ಕಾಣುವುದಿಲ್ಲ. ಲೆಕ್ಕ ಅವಳ ಪರವಾಗಿ ಮಾತಾಡುತ್ತದೆ. ಮೊದಲ ಪಂಕ್ತಿಗೆ ಹೋಳಿಗೆ ಬಡಿಸಿ ಕೊನೆಯ ಪಂಕ್ತಿಯನ್ನು ಉಪವಾಸ ಕಳಿಸಿದರೆ ಅದನ್ನು ದಾಸೋಹ ಅನ್ನಲು ನನಗೆ ಬಾಯಿ ಬಾರದು.

ಸಮಿತಿಯವರು ಜಮಖಂಡಿಗೆ ಹೋಗಿ ಕಣ್ಣಿನ ವೈದ್ಯರನ್ನು ಕೇಳಿಬನ್ನಿ. ವರ್ಷಕ್ಕೆ ಎಷ್ಟು ಪೊರೆ ತೆಗೆಯುತ್ತಾರೆ, ಯಂತ್ರ ನಡೆಸಲು ಕಲಿತವರಿದ್ದಾರೆಯೇ, ಪ್ರತಿ ಆಪರೇಷನ್ನಿನ ಸಾಮಾನಿಗೆ, ಕೆಟ್ಟಾಗ ರಿಪೇರಿಗೆ ಯಾರು ಕೊಡುತ್ತಾರೆ? ಅದೇ ಹಣದಲ್ಲಿ ಹಳ್ಳಿಗಳ ಹಿರಿಯರನ್ನು ಕರೆತರಲು ಒಂದು ಗಾಡಿ ಇಟ್ಟರೆ ಎಷ್ಟು ಕಣ್ಣು ತೆರೆದಾವು ಎಂಬುದನ್ನೂ ಬರೆದುಕೊಳ್ಳಿ. ಎರಡೂ ಲೆಕ್ಕ ಮುಂದಿನ ಸೋಮವಾರದ ಸಭೆಗೆ ಬರಲಿ. ತೂಕ ಯಂತ್ರದ ಕಡೆ ಬಂದರೆ ಮೊದಲ ಕಾಣಿಕೆ ನನ್ನದು.