ಇಲ್ಲದ ಹಸು

ಸೋಮವಾರಪೇಟೆಗೆ ಸೊಸೆಯಾಗಿ ಬಂದಾಗ ನನ್ನ ಜೊತೆ ಬಂದ ಆಸ್ತಿಯೆಂದರೆ ಕನ್ನಡ ಟೈಪಿಂಗ್ ಪರೀಕ್ಷೆಯ ಎರಡು ಸರ್ಟಿಫಿಕೇಟುಗಳು, ಜೂನಿಯರ್ ಒಂದು, ಸೀನಿಯರ್ ಒಂದು. ಮಗಳು ಶಾಲೆಗೆ ಸೇರಿದ ವರ್ಷ ಹಳೆಯದೊಂದು ಟೈಪ್‌ರೈಟರ್ ಕೊಂಡು ಜಗಲಿಯ ಮೂಲೆಯಲ್ಲಿ ಇಟ್ಟುಕೊಂಡೆ. ಅನಂತ ಸುಬ್ಬರಾಯರು ರೂಪಿಸಿದ ಆ ಕೀಲಿಮಣೆಗೆ ಬೆರಳು ಒಮ್ಮೆ ಪಳಗಿತೆಂದರೆ ಮುಗಿಯಿತು. ನಮ್ಮೂರಿನ ಮಳೆಗೆ ದಿನಗಟ್ಟಲೆ ಕರೆಂಟು ಹೋದರೂ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಅರ್ಜಿಗಳು ತಯಾರಾಗುತ್ತಿದ್ದವು.

ಆಮೇಲೆ ಕಂಪ್ಯೂಟರ್ ಬಂತು, ‘ನುಡಿ’ ಬಂತು. ಕೆ.ಪಿ. ರಾಯರ ಕೀಲಿಮಣೆಯಲ್ಲಿ ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಒತ್ತಬೇಕು. ನಲವತ್ತರ ಹತ್ತಿರ ಬಂದ ಬೆರಳುಗಳು ಎಷ್ಟು ಮುನಿಸಿಕೊಂಡವೆಂದರೆ, ‘ಅಕ್ಕ’ ಎಂದು ಬರೆಯಲು ಒಂದು ವಾರ ಹಿಡಿಯಿತು! ಅದು ಕೈಗೆ ಹತ್ತಿತು ಎನ್ನುವಾಗ ಯೂನಿಕೋಡ್ ಎಂದರು. ನುಡಿಯಲ್ಲಿ ಹೊಡೆದ ಹಳೆಯ ಕಡತವನ್ನು ಆನ್‌ಲೈನ್ ಅರ್ಜಿಗೆ ಅಂಟಿಸಿದರೆ ಭೂತದ ಭಾಷೆ. 2011ರಲ್ಲಿ ಗೋದ್ರೆಜ್‌ನವರ ಟೈಪ್‌ರೈಟರ್ ತಯಾರಿಕೆ ನಿಂತ ಸುದ್ದಿಯನ್ನು ಪೇಪರಿನಲ್ಲಿ ಓದಿದ ದಿನ ಅಟ್ಟದ ಮೇಲಿದ್ದ ನನ್ನದನ್ನು ಒರೆಸಿಟ್ಟೆ. ಯಾಕೆಂದು ಕೇಳಬೇಡಿ.

ಆದರೆ ಇದೆಲ್ಲ ಕಲಿತರೆ ಬರುವಂಥದ್ದು. ನನ್ನನ್ನು ಕಾಡಿದ್ದು ಬೇರೆ.

ಟೈಪ್‌ರೈಟರಿನಲ್ಲಿ ಕಾರ್ಬನ್ ಇಟ್ಟು ಹೊಡೆಯುವಾಗ ಒಂದಕ್ಷರ ತಪ್ಪಿದರೆ ಮೂರು ಪ್ರತಿಗಳಲ್ಲಿ ಉಜ್ಜಬೇಕಿತ್ತು. ಆ ಹೆದರಿಕೆಗೆ, ಬಂದವರ ಮಾತನ್ನು ಪೂರ್ತಿ ಕೇಳಿಯೇ ಶುರುಮಾಡುತ್ತಿದ್ದೆ. ಒಬ್ಬೊಬ್ಬರ ಕಷ್ಟವೂ ಒಂದೊಂದಕ್ಷರವಾಗಿ ನನ್ನ ಬೆರಳಿನಿಂದ ಹಾದುಹೋಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಒಂದು ಅರ್ಜಿಯನ್ನು ಉಳಿಸಿಟ್ಟುಕೊಂಡು ಹೆಸರು, ಊರು, ಸರ್ವೆ ನಂಬರು ಬದಲಿಸಿದರೆ ಸಾಕಾಯಿತು. ಕೇಳುವ ಅಗತ್ಯವೇ ಇಲ್ಲ.

2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ಮಾದಾಪುರ, ಹಟ್ಟಿಹೊಳೆ ಕಡೆಯವರೆಲ್ಲ ಪರಿಹಾರದ ಅರ್ಜಿಗೆಂದು ಓಡಾಡುತ್ತಿದ್ದರು. ನಮ್ಮ ಜಗಲಿಯಲ್ಲೂ ಜನವೋ ಜನ. ದಿನಕ್ಕೆ ಇಪ್ಪತ್ತು ಅರ್ಜಿ ಹೊಡೆದೆನೆಂದು ಒಳಗೊಳಗೇ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ. ಒಂದು ಮಧ್ಯಾಹ್ನ ಅಜ್ಜಿಯೊಬ್ಬರು ಮಗನ ಜೊತೆ ಬಂದರು. ಐದು ನಿಮಿಷದಲ್ಲಿ ಅರ್ಜಿ ಕೈಗಿತ್ತೆ. ಮಗ ಗಟ್ಟಿಯಾಗಿ ಓದಿದ: ಮನೆ ಕುಸಿದಿದೆ, ಕೊಟ್ಟಿಗೆಯಲ್ಲಿದ್ದ ಒಂದು ಹಸು ಮಣ್ಣಿನಡಿ ಸಿಕ್ಕಿ ಸತ್ತಿದೆ...

“ನಮ್ಮನೇಲಿ ಹಸು ಎಲ್ಲಿತ್ತವ್ವ?” ಎಂದರು ಅಜ್ಜಿ.

ಹಸು ಬೆಳಿಗ್ಗೆ ಬಂದಿದ್ದ ಇನ್ನೊಬ್ಬರದು. ಅವರು ಅದರ ಬಣ್ಣ, ಕರೆಯುತ್ತಿದ್ದ ಹೆಸರು ಎಲ್ಲ ಹೇಳಿ ಕಣ್ಣೊರೆಸಿಕೊಂಡಿದ್ದರು. ಆ ಸಾಲು ಅಳಿಸದೆ ಉಳಿದುಬಿಟ್ಟಿತ್ತು.

“ಇರ್ಲಿ ಬಿಡಿ ಅಕ್ಕ, ಬಂದ್ರೆ ಬರ್ಲಿ. ಮನೇನೇ ಹೋಗಿದೆ, ಇದೊಂದು ದೊಡ್ಡದಾ?” ಎಂದ ಮಗ. ಅಜ್ಜಿ ಬೇಡವೆನ್ನಲಿಲ್ಲ. ನನ್ನ ಮುಖ ನೋಡಿ, “ಬರೆದ್ರೆ ತಪ್ಪಾಯ್ತದಾ?” ಎಂದರು.

ಏನು ಹೇಳಲಿ? ಉಟ್ಟ ಬಟ್ಟೆಯಲ್ಲಿ ಹೊರಟುಬಂದವರಿಗೆ, ಬೆಚ್ಚಗಿನ ಜಗಲಿಯಲ್ಲಿ ಕೂತ ನಾನು ಸತ್ಯದ ಪಾಠ ಹೇಳುವುದೇ? ಸುಳ್ಳು ಅವರದ್ದೂ ಅಲ್ಲ, ನನ್ನ ಅವಸರದ್ದು. ಕಂಪ್ಯೂಟರಿನ ತಪ್ಪು ಎಂದುಬಿಡಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅದು ಪಾಪ ತಾನಾಗಿ ಏನನ್ನೂ ಬರೆದಿರಲಿಲ್ಲ. “ತನಿಖೆಗೆ ಬಂದಾಗ ಹಸು ಇರಲಿಲ್ಲ ಅಂತ ಗೊತ್ತಾದ್ರೆ ಮನೆ ಹೋದದ್ದನ್ನೂ ನಂಬಲ್ಲ ಅಜ್ಜಿ” ಎಂದು ಆ ಸಾಲು ತೆಗೆದೆ. ಅದು ಪೂರ್ತಿ ನಿಜವಾದ ಕಾರಣವಲ್ಲ. ಬೆಳಿಗ್ಗೆ ಅತ್ತವರ ಹಸುವನ್ನು ಇನ್ನೊಂದು ಅರ್ಜಿಯಲ್ಲಿ ಸಾಯಿಸಲು ನನಗೆ ಮನಸ್ಸು ಬರಲಿಲ್ಲ, ಅಷ್ಟೆ. ಮಗ ದುಡ್ಡು ಮೇಜಿನ ಮೇಲೆ ಎಸೆದು ಹೋದ. ಅವನ ಸಿಟ್ಟು ತಪ್ಪೆಂದು ಇವತ್ತಿಗೂ ನನಗೆ ಅನಿಸಿಲ್ಲ.

ಈಗ ಮಗಳು, “ಅಮ್ಮಾ, ಫೋನಿನ ಮುಂದೆ ಮಾತಾಡಿದ್ರೆ ಅದೇ ಕನ್ನಡದಲ್ಲಿ ಬರ್ಕೊಳ್ಳುತ್ತೆ” ಎಂದು ತೋರಿಸಿಕೊಟ್ಟಿದ್ದಾಳೆ. ಬಳಸುತ್ತೇನೆ, ಬೆರಳಿನ ಗಂಟುಗಳಿಗೆ ಸುಖ. ಆದರೆ ಮುಗಿದ ಮೇಲೆ ಪ್ರತಿಯೊಂದನ್ನೂ ಬಂದವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅದಕ್ಕೆ ಹತ್ತು ನಿಮಿಷ ಹೆಚ್ಚು. ಪುರುಸೊತ್ತಿಲ್ಲದವರು ಪೇಟೆಯ ಅಂಗಡಿಗೆ ಹೋಗುತ್ತಾರೆ. ಹೋಗಲಿ.