ಅಪ್ಪನ ದನಿ ಯಾರ ಕಿವಿಗೆ?

ಊರಿಂದ ಅಪ್ಪ ಫೋನಲ್ಲಿ "ಚೆನ್ನಾಗಿದೀನಿ ಕಣೋ" ಅಂತಾರೆ. ಹೃದಯ ಸೋತಿರೋದು ನಮ್ಮಿಬ್ಬರಿಗೂ ಗೊತ್ತು. ಮಗ ಗಾಬರಿ ಬೀಳಬಾರದು ಅಂತ ಹೇಳೋ ಸುಳ್ಳದು.

ಈಗ ಆ ಸುಳ್ಳನ್ನ ಹಿಡಿಯೋ ಸಾಫ್ಟ್‌ವೇರ್ ಬರ್ತಿದೆ. ಹಾರ್ಟ್ ಫೇಲ್ಯೂರ್ ಅಂದ್ರೆ ಹೃದಯ ನಿಂತುಹೋಗೋದಲ್ಲ. ಮೈಗೆ ಬೇಕಾದಷ್ಟು ರಕ್ತ ಪಂಪ್ ಮಾಡೋಕೆ ಆಗದೇ ಇರೋದು. ಅದು ಹೆಚ್ಚಾದಾಗ ಶ್ವಾಸಕೋಶದಲ್ಲಿ ನೀರು ತುಂಬುತ್ತೆ, ಮಾತು ಬದಲಾಗುತ್ತೆ. 2022ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನವೊಂದು 40 ರೋಗಿಗಳ ಮಾತನ್ನ ಆಸ್ಪತ್ರೆಗೆ ಸೇರಿದಾಗ ಮತ್ತು ಬಿಡುಗಡೆಯಾಗುವಾಗ ರೆಕಾರ್ಡ್ ಮಾಡಿ ಹೋಲಿಸಿತು. ವ್ಯತ್ಯಾಸ ಆ್ಯಪ್‌ಗೆ ಸಿಕ್ಕಿತು. ದಿನಾ ನಾಲ್ಕು ಮಾತಾಡಿದ್ರೆ ಮುಂಚೆಯೇ ಎಚ್ಚರಿಕೆ ಸಿಗಲಿ ಅನ್ನೋದು ಆಸೆ.

ಇಂಜಿನಿಯರ್ ಆಗಿ ನನಗೆ ಖುಷಿ. ಮಗನಾಗಿ ಅಳುಕು. ರಕ್ತ ಕೊಡೋಕೆ ತೋಳು ಚಾಚಬೇಕು. ದನಿ ಹಾಗಲ್ಲ, ಪ್ರತಿ ಕರೆಯಲ್ಲೂ ಹೊರಗೆ ಹೋಗ್ತಾನೇ ಇರುತ್ತೆ. ಇನ್ಶೂರೆನ್ಸ್‌ನವರ ಕರೆಯೂ ರೆಕಾರ್ಡ್ ಆಗುತ್ತಲ್ಲ?

ಅಮ್ಮನೂ ದನಿಯಲ್ಲೇ ಕಂಡುಹಿಡೀತಾಳೆ. ಕಂಡುಹಿಡಿದು, ರಾತ್ರಿ ಇನ್ನೊಂದು ದಿಂಬು ಇಡ್ತಾಳೆ. ಕಂಪನಿ ಕಂಡುಹಿಡಿದ್ರೆ ಪ್ರೀಮಿಯಂ ಏರಿಸಬಹುದು. ಕೇಳಿಸಿಕೊಂಡವರು ಆರೈಕೆಯ ಹೊಣೆಯನ್ನೂ ಹೊರಬೇಕು. ಅದಿಲ್ಲದಿದ್ರೆ ಅದು ಕದ್ದು ಕೇಳೋದೇ.

ನಾನೂ ಹೊರತಲ್ಲ. ಅಂಥ ಆ್ಯಪ್ ಅನ್ನ ಅಪ್ಪನಿಗೆ ಹೇಳದೇ ಅವರ ಫೋನಿಗೆ ಹಾಕಿಬಿಡೋಣ ಅಂತ ಮೊದಲು ಅನಿಸಿದ್ದು ನನಗೇ. ಪ್ರೀತಿಗೂ ಅಷ್ಟು ಹಕ್ಕಿಲ್ಲ. ಕೇಳಿಯೇ ಹಾಕಬೇಕು. "ಬೇಡ ಕಣೋ" ಅಂದ್ರೆ, ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಜಗಲಿ ಮೇಲೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಬೇಕು.